ಸೆರಗು ಉಳಿಸಿ ಒಡಲು ಕದ್ದವಳು

ನಮ್ಮ ಮೊಮ್ಮಗಳು ಬಾಕ್ಸಿಂಗ್‌ನಲ್ಲಿ ದೇಶಕ್ಕೇ ಮೊದಲು ಬಂದಳು. ಚಿನ್ನದ ಪದಕ ತೆಗೆದುಕೊಂಡು ಇವತ್ತು ಮಧ್ಯಾಹ್ನ ಇಳಕಲ್ಲಿಗೆ ಬಂದಿಳಿದವಳು ಅದನ್ನು ನನ್ನ ಕೊರಳಿಗೇ ಹಾಕಿದಳು. ನಾನು ತಿರುವಿ ಅದರ ಹಿಂಬದಿಯನ್ನೂ ನೋಡಿದೆ. ಸೀರೆಯಾಗಲಿ ಸುದ್ದಿಯಾಗಲಿ, ಹಿಂಬದಿ ನೋಡದೆ ನಂಬುವವಳಲ್ಲ ನಾನು.

ಅವಳು ಸಣ್ಣವಳಿದ್ದಾಗ ಹೇಗಿದ್ದಳು ಎಂದು ಓಣಿಯ ಮಕ್ಕಳು ಸಂಜೆಯವರೆಗೂ ಕೇಳುತ್ತಿದ್ದರು. ಹೇಳುತ್ತೇನೆ ಮಕ್ಕಳೇ, ಕಳ್ಳಿಯಾಗಿದ್ದಳು.

ನಮ್ಮದು ನೇಕಾರರ ಮನೆ. ಹಳೆಯ ಸೀರೆಗಳನ್ನು ಎಸೆಯುವುದಿಲ್ಲ, ಕೌದಿ ಹೊಲಿಯಲು ಗಂಟು ಕಟ್ಟಿ ಇಡುತ್ತೇವೆ. ಒಂದು ದಿನ ನನ್ನ ಗಂಟು ಎತ್ತಿದರೆ ಹಗುರ. ಕಣ್ಣಿಗೆ ಮಾತ್ರ ಮೊದಲಿನಷ್ಟೇ ದಪ್ಪ, ಕೆಂಪು ಸೆರಗುಗಳು ಮೇಲೆಯೇ ಕಾಣುತ್ತಿದ್ದವು. ಬಿಚ್ಚಿ ನೋಡಿದೆ. ಸೆರಗುಗಳಷ್ಟೇ ಇದ್ದವು, ಸೀರೆಗಳ ಒಡಲೇ ಇರಲಿಲ್ಲ. ನಡುವೆ ಜೋಳದ ಒಣಗಿದ ಎಲೆ, ರವದಿ, ತುರುಕಿತ್ತು.

ಮೊದಲು ಸಂಶಯ ಬಂದದ್ದು ಸೊಸೆಯ ಮೇಲೆ. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳೊಬ್ಬಳು ಓಣಿಗೆ ಬರುತ್ತಿದ್ದಳು. ಅಡುಗೆಮನೆಯ ಡಬ್ಬಿ, ಬೋಗುಣಿ ಎಲ್ಲ ತಡಕಿದೆ. ಹೊಸದು ಒಂದೂ ಇಲ್ಲ.

"ಏನ್ ಹುಡುಕಾಕತ್ತೀರಿ ಅತ್ತಿ?"

"ಬೆಲ್ಲ ಎಲ್ಲಿಟ್ಟಿ?"

"ಬೆಲ್ಲದ ಡಬ್ಬಿ ನಿಮ್ಮ ಕೈಯಾಗನ ಐತಲ್ರಿ."

ಆಮೇಲೆ ಮೊಮ್ಮಗಳ ಕೈ ಕಣ್ಣಿಗೆ ಬಿತ್ತು. ಗೆಣ್ಣುಗಳು ಕೆಂಪಾಗಿದ್ದವು. "ಮಗ್ಗದಾಗ ತಾಗೈತಿ ಆಯಿ" ಎಂದಳು. ಮಗ್ಗದ ನೂಲು ಬೆರಳ ಸಂದಿಯನ್ನು ಕೊಯ್ಯುತ್ತದೆ, ಗೆಣ್ಣನ್ನಲ್ಲ. ನಾನು ಹೂಂ ಎಂದೆ. ಅಂದಿನಿಂದ ಅವಳು ಹೋದಲ್ಲೆಲ್ಲ ನನ್ನ ಕಣ್ಣು.

ಒಂದು ಮಧ್ಯಾಹ್ನ ಹಿಂದಿನ ಕೋಣೆಯಿಂದ ಧಪ್ ಧಪ್ ಎಂದು ಸದ್ದು. ಅಲ್ಲಿಯ ಮಗ್ಗ ಬಿಚ್ಚಿ ಎಷ್ಟೋ ಕಾಲವಾಗಿತ್ತು. ಕದ ತಳ್ಳಿದೆ. ತೊಲೆಗೆ ಒಂದು ಚೀಲ ಜೋತುಬಿದ್ದಿತ್ತು, ಅದರ ಹೊಟ್ಟೆಯ ತುಂಬ ನನ್ನ ಸೀರೆಗಳು. ಮೊಮ್ಮಗಳ ಎರಡೂ ಕೈಗೆ ಸುತ್ತಿದ್ದು ನನ್ನ ಮದುವೆ ಸೀರೆಯ ಪಟ್ಟಿ.

"ಯಾರನ್ನ ಹೊಡ್ಯಾಕ ಕಲ್ಯಾಕತ್ತಿ?"

"ಯಾರನ್ನೂ ಅಲ್ಲ ಬೇ. ಸಾಲ್ಯಾಗ ಸರ್ ಬಾಕ್ಸಿಂಗ್ ಕಲಿಸ್ತಾರ. ಬಾಗಲಕೋಟಿಗೆ ಆಡಾಕ ಕರಕೊಂಡ ಹೊಂಟಾರ. ಅಪ್ಪಗ ಹೇಳಬ್ಯಾಡ, ಎಲ್ಲಾ ಬಿಡಸ್ತಾನ."

"ಸೆರಗು ಯಾಕ ಉಳಿಸಿದಿ?"

"ನೀ ನೋಡೂದ ಅದನ್ನ ಅಲ್ಲೇನು?"

ನಗು ಬಂತು, ತೋರಿಸಲಿಲ್ಲ. ಆದರೂ ಆ ಸರ್ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ಮೊಮ್ಮಗಳನ್ನು ಹುನಗುಂದದ ಸಂಬಂಧಿಕರ ಮನೆಗೆ ಕರೆದೊಯ್ಯುತ್ತೇನೆ ಎಂದು ಮಗನಿಗೆ ಹೇಳಿ, ಅವಳ ಮತ್ತು ಆ ಸರ್ ಜೊತೆ ನಾನೂ ಬಾಗಲಕೋಟೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸರ್ ಅವರನ್ನೇ ನೋಡುತ್ತ ಕೂತೆ. ಪಾಪ, ಅವರು ಕೊಟ್ಟ ಬಾಳೆಹಣ್ಣನ್ನೂ ಮೂಸಿ ನೋಡಿದೆ.

ಆಟದಲ್ಲಿ ಎದುರಿನ ಹುಡುಗಿ ಮೂಗಿಗೇ ಕೊಟ್ಟಳು. ನಮ್ಮವಳು ಅಳುತ್ತ ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡು ನಾನು ಎದ್ದು ನಿಂತೆ. ಅವಳು ತಿರುಗಲೇ ಇಲ್ಲ. ಮೂಗು ಒರೆಸಿಕೊಂಡು ಮತ್ತೆ ಮುಂದೆ ಹೋದಳು. ಅಂದು ಸೋತಳು. ನನ್ನ ಸಂಶಯ ಹೋದದ್ದೂ ಅಂದೇ.

ಮನೆಗೆ ಬಂದು ಮಗನಿಗೆ ಎಲ್ಲ ಹೇಳಿದೆ. ಅವನು ಸಿಟ್ಟಿನಿಂದ ಎದ್ದ.

"ನಿನಗೇನ ತಿಳಿತೈತಿ ಬೇ ಇದೆಲ್ಲಾ?"

"ಆಕಿ ಬೆನ್ನ ಹಿಂದ ತಿರುಗಿದಾಕಿ ನಾನು. ಆಕಿ ಕದ್ದದ್ದು ಬರೇ ಹಳೇ ಅರಿವಿ. ಆಡ್ಲಿ ಬಿಡು."

ಮಗ ಎರಡು ದಿನ ಸಿಟ್ಟನ್ನೆಲ್ಲ ಮಗ್ಗದ ಮೇಲೆ ತೀರಿಸಿಕೊಂಡ. ಆಮೇಲೆ ತಾನೇ ಆ ಚೀಲವನ್ನು ಬಿಗಿಯಾಗಿ ಕಟ್ಟಿಕೊಟ್ಟ.

ಇವತ್ತು ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಸೀರೆ ಉಟ್ಟಿದ್ದ ಮೊಮ್ಮಗಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು. ನನಗೆ ಮತ್ತೆ ಸಂಶಯ.

"ಕೈ ತೋರ್ಸು."

"ಏನೂ ಆಗಿಲ್ಲ ಆಯಿ."

"ಮಗ್ಗದಾಗ ತಾಗೈತೇನು?"

ಎಲ್ಲರೂ ನಕ್ಕರು. ಅವಳು ಕೈ ಹೊರತೆಗೆದಳು, ಗೆಣ್ಣುಗಳು ಬಾತಿದ್ದವು. ನಾನು ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ ಅವಳ ಬಾಯಿಗಿಟ್ಟೆ. ಮಗ ಅವಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದ. ಎಲ್ಲರೂ ಊಟ ಮಾಡಿದೆವು.