ಗುಡ್ಡದ ಸುತ್ತ ಒಂದು ಪ್ರದಕ್ಷಿಣೆ

ಅರವತ್ತರ ದಶಕ. ಹಾಸನದಲ್ಲಿ ಕಾಲೇಜು ಓದುತ್ತಿದ್ದ ನಮಗೆ ಆ ಮಳೆಗಾಲದಲ್ಲಿ ಚನ್ನರಾಯಪಟ್ಟಣದ ಕಡೆಯ ಒಂದು ಬಯಲಿನಲ್ಲಿ ಗ್ಲೈಡರ್ ಹಾರಿಸುವುದನ್ನು ಕಲಿಸುತ್ತಿದ್ದರು. ಎಂಜಿನ್ನೇ ಇಲ್ಲದ ವಿಮಾನ. ಹಗ್ಗ ಕಟ್ಟಿ ಯಂತ್ರದಿಂದ ಎಳೆದು ಮೇಲಕ್ಕೆ ಬಿಟ್ಟರೆ ಆಮೇಲೆ ಗಾಳಿಯೇ ಗತಿ. ಪಕ್ಕದ ಗುಡ್ಡಕ್ಕೆ ಪಡುವಣ ಗಾಳಿ ಬಡಿದು ಮೇಲೇಳುತ್ತಿತ್ತು. ಅದನ್ನು ಹಿಡಿದು ಗುಡ್ಡದ ಮುಂದೆಯೇ ಅತ್ತಿಂದಿತ್ತ ಓಡಾಡಬೇಕು. ಮೇಷ್ಟ್ರು ದಿನಾ ಕಿವಿ ಹಿಂಡಿ ಹೇಳುತ್ತಿದ್ದರು: "ತಿರುಗಿದ್ರೆ ಗುಡ್ಡ ಬಿಟ್ಟು ಬಯಲ ಕಡೆಗೇ ತಿರುಗು. ಹಿಂದುಗಡೆಗೆ ಮಾತ್ರ ಹೋಗ್ಬೇಡ, ಅಲ್ಲಿ ಗಾಳಿ ಕೆಳಕ್ಕೆ ತುಳಿಯುತ್ತೆ."

ಆ ಗುಡ್ಡದ ನೆತ್ತಿಯ ಮೇಲೆ ನಮ್ಮ ಮನೆದೇವರ ಗುಡಿ. ಬಾಗೂರಿನ ಮನೆಯಿಂದ ಹೊರಡುವಾಗ ಅವ್ವ ಅಂದಿದ್ದಳು: "ದ್ಯಾವ್ರ ಮುಂದೆ ಆರಾಡ್ತೀಯ. ಎಡಕ್ಕೆ ಬುಟ್ಟು ಬರ್ಬ್ಯಾಡ ಕಣ್ಲಾ. ಬಲಕ್ಕಿಟ್ಕೊಂಡು ಒಂದ್ಸುತ್ತು ಬಂದ್ಬುಡು."

ಅಂದು ನಾನು ಒಬ್ಬನೇ ಹಾರಿದ ಮೂರನೇ ಸಲ. ಗುಡ್ಡವನ್ನು ಬಲಕ್ಕಿಟ್ಟುಕೊಂಡು ಅದರ ತುದಿಯವರೆಗೆ ಹೋದೆ. ಈಗ ಎಡಕ್ಕೆ ತಿರುಗಿ ವಾಪಸ್ಸು ಬರಬೇಕು. ಬಂದರೆ ದೇವರು ಎಡಕ್ಕಾಗುತ್ತಾನೆ. ಹುಟ್ಟಿದಂದಿನಿಂದ ಯಾವ ಗುಡಿಯನ್ನೂ ಹಾಗೆ ಸುತ್ತಿದವನಲ್ಲ. ಮೇಷ್ಟ್ರ ಮಾತು ಎಲ್ಲಿ ಹೋಯಿತೋ, ಕೈ ತಾನಾಗಿ ಬಲಕ್ಕೆ ಬಾಗಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಗುಡ್ಡದ ಹಿಂದಕ್ಕೆ ಬಂದದ್ದೇ ತಡ, ಕೂತ ಸೀಟೇ ಕುಸಿದಂತಾಯಿತು. ಗುಡಿಯ ಗೋಡೆ ನನಗಿಂತ ಮೇಲಕ್ಕೆ ಹೋಯಿತು. ಬಂಡೆ, ಬಂಡೆಯ ಸಂದಿಯ ಪಾಪಸುಕಳ್ಳಿ, ಅದರ ಮುಳ್ಳು ಕೂಡ ಕಾಣುತ್ತಿತ್ತು. ಹೆದರಿ, ಮೂತಿ ಮೇಲಕ್ಕೆತ್ತಲು ವಿಮಾನದ ಹಿಡಿಕೋಲನ್ನು ಎದೆಗೆ ಎಳೆದುಕೊಂಡೆ. ರೆಕ್ಕೆಯ ಮೇಲಿನ ಗಾಳಿಯ ಸದ್ದು ನಿಂತೇಹೋಯಿತು. ಸದ್ದು ನಿಂತಿತೆಂದರೆ ವೇಗ ಸತ್ತಿತು, ಇನ್ನು ಕಲ್ಲಿನಂತೆ ಬೀಳುವುದೇ. ಅಂಥ ಭಯ ನಾನು ಮತ್ತೆಂದೂ ಕಂಡಿಲ್ಲ. "ಅವ್ವಾ, ಸತ್ತೆ!" ಎಂದು ಕೂಗಿದ್ದು ನನಗೇ ಕೇಳಿಸಿತು. ಸದ್ದು ನಿಂತರೆ ಮೂತಿ ಕೆಳಕ್ಕೆ ಮಾಡು ಎಂದು ಮೇಷ್ಟ್ರು ಹೇಳಿದ್ದು ಆಗ ನೆನಪಾಯಿತು. ಕೆಳಗೆ ಬಂಡೆ ಬಾಯಿಬಿಟ್ಟುಕೊಂಡಿರುವಾಗ ಅದರ ಕಡೆಗೇ ಮೂತಿ ಮಾಡುವುದೆಂದರೆ! ಹಲ್ಲು ಕಚ್ಚಿ ಕೋಲನ್ನು ಮುಂದಕ್ಕೆ ತಳ್ಳಿದೆ. ಸದ್ದು ಮರಳಿತು. ಗುಡ್ಡದಿಂದ ದೂರಕ್ಕೆ ತಿರುಗಿ, ಕಳ್ಳಿಯ ನೆತ್ತಿ ಸವರಿಕೊಂಡು, ಒಂದು ರಾಗಿ ಹೊಲದಲ್ಲಿ ಉಜ್ಜಿಕೊಂಡು ನಿಂತೆ.

ಹೊಲದವನು ಓಡಿಬಂದ. "ಅಯ್ಯೋ ನನ್ ರಾಗಿ!" ಅಂದವನು ನನ್ನ ಮುಖ ನೋಡಿ, "ಜೀವ ಐತೇನ್ಲಾ?" ಅಂದ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿ, "ಸುತ್ತು ಬಂದಿದ್ಯೇನ್ಲಾ?" ಎಂದಳು.

"ಬಂದೆ ಕಣವ್ವ."

"ಅದ್ಕೇಯ ಉಳ್ಕೊಂಡೆ," ಎಂದು ಗುಡ್ಡದ ದಿಕ್ಕಿಗೆ ಕೈಮುಗಿದಳು. ಸಾಯುವವರೆಗೂ ಊರಿಗೆಲ್ಲ ಅದನ್ನೇ ಹೇಳಿದಳು. ನನ್ನನ್ನು ಕೊಲ್ಲಹೊರಟದ್ದೇ ಆ ಸುತ್ತು ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.