ಎರಡು ವಾರದಕ್ಕನ ಒಂಬತ್ತು ಪ್ರಶ್ನೆ

ಹಾಜರಿ ಪುಸ್ತಕದಲ್ಲಿ ಆಕೆಗೊಂದು ಹೆಸರಿತ್ತು. ಆದರೆ ಆಸ್ಪತ್ರೆಗೆ ಬರುವವರ ಬಾಯಲ್ಲಿ ಆಕೆ ಎರಡು ವಾರದಕ್ಕ. ಬಂದವರನ್ನು ಎದುರಿಗೆ ಕೂರಿಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಕಳೆದ ಎರಡು ವಾರದಲ್ಲಿ..." ಎಂದು ಶುರು ಮಾಡುತ್ತಿದ್ದಳು. ಒಂಬತ್ತು ಪ್ರಶ್ನೆಗೂ ಅದೇ ಪಲ್ಲವಿ. ಕೇಳಿ ಕೇಳಿ ಜನ ಆ ಹೆಸರಿಟ್ಟರು. ಅಕ್ಕನಿಗೂ ಬೇಸರವಿರಲಿಲ್ಲ.

ಮೊದಲು ಹದಿನೆಂಟು ವರ್ಷ ಆಕೆ ಇದ್ದದ್ದು ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯಲ್ಲಿ. ಅಂಟಿಕೊಂಡ ಹಳೇ ಪಟ್ಟಿಯನ್ನು ನೋವಾಗದಂತೆ ಬಿಡಿಸುವುದರಲ್ಲಿ ಎತ್ತಿದ ಕೈ. ಆಮೇಲೆ ನಿಂತು ಕೆಲಸ ಮಾಡಲಾಗದ ಹಾಗಾಯಿತು. "ಮೊಣಕಾಲು ಕೈಕೊಟ್ಟಿತು" ಎಂದು ತಾನೇ ನಗುತ್ತಾ ಹೇಳಿಕೊಳ್ಳುತ್ತಿದ್ದಳು. ದೊಡ್ಡ ಡಾಕ್ಟರು ಕುರ್ಚಿ ಕೆಲಸ ಕೊಟ್ಟರು. ಓಣಿಯಂಥ ಹಜಾರದಲ್ಲಿ ತೂಕದ ಯಂತ್ರಕ್ಕೂ ಕುಡಿಯುವ ನೀರಿನ ಡ್ರಮ್ಮಿಗೂ ನಡುವೆ ಒಂದು ಮೇಜು, ಎದುರಿಗೆ ಗೋಡೆಯುದ್ದಕ್ಕೂ ಬೆಂಚು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಂತ ತಿಂಗಳು ತಿಂಗಳು ಬರುವವರೆಲ್ಲ ಮೊದಲು ಈ ಮೇಜನ್ನು ದಾಟಬೇಕು. ಅವರಲ್ಲಿ ಯಾರಿಗೆ ಖಿನ್ನತೆ ಇರಬಹುದು ಎಂದು ಹೆಕ್ಕಲು ಒಂದು ಹಾಳೆ. ಆಸಕ್ತಿ ಕಡಿಮೆಯಾಗಿದೆಯಾ, ಮನಸ್ಸು ಕುಗ್ಗಿದೆಯಾ, ನಿದ್ದೆ ಹೇಗೆ, ಸುಸ್ತು ಹೇಗೆ, ಊಟ ಹೇಗೆ — ಹೀಗೆ ಒಂಬತ್ತು. ಇಲ್ಲವೇ ಇಲ್ಲ ಎಂದರೆ ಸೊನ್ನೆ, ಕೆಲವು ದಿನ ಎಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ ಎರಡು, ಹೆಚ್ಚುಕಮ್ಮಿ ದಿನಾ ಎಂದರೆ ಮೂರು. ಕೂಡಿದರೆ ಹತ್ತು ದಾಟಿತೋ, ಗುರುವಾರ ಬರುವ ಮನಸ್ಸಿನ ಡಾಕ್ಟರ ಕೋಣೆಗೆ ಚೀಟಿ. ದಾಟಲಿಲ್ಲವೋ, ಹಾಳೆ ಕಡತಕ್ಕೆ.

ಅಕ್ಕ ಬೆಳಿಗ್ಗೆ ಒಂದು ಹೊತ್ತಿಗೆ ನಲವತ್ತು ಹಾಳೆ ತುಂಬಿಸುತ್ತಿದ್ದಳು. ಹಾಳೆಯ ಒಂದು ಚೌಕವೂ ಖಾಲಿ ಇರುತ್ತಿರಲಿಲ್ಲ. ಎಷ್ಟೋ ಜನಕ್ಕೆ ಓದಲು ಕನ್ನಡಕ ಇರುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ತಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಎಂಟು ವರ್ಷದಲ್ಲಿ ಒಂದು ಹಾಳೆಯೂ ತಪ್ಪಿದೆ ಅಂತ ಯಾರೂ ವಾಪಸು ಕಳಿಸಿರಲಿಲ್ಲ.

ಆಕೆಯ ಅಣ್ಣನದು ಕನ್ನಡಕದ ಅಂಗಡಿ. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದರಲ್ಲಿ ಆ ಪೇಟೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನಿಗೆ ಐವತ್ಮೂರಾದಾಗ, ಒಂದು ಮಧ್ಯಾಹ್ನ ಅತ್ತಿಗೆ ಅಕ್ಕನ ಮನೆಗೆ ಬಂದಳು. ಕೊಟ್ಟ ಚಹಾ ಹಾಗೇ ಆರಿತು.

"ನಿಮ್ಮಣ್ಣ ಮೊದಲಿನ ಹಾಗಿಲ್ಲ," ಎಂದಳು. "ಮಾತಾಡಿದ್ರೆ ಹೂಂ, ಇಲ್ದಿದ್ರೆ ಉಹೂಂ. ಒಂದು ಕನ್ನಡಕ ಮಾಡೋಕೆ ಮೂರು ದಿನ. ನೀವು ದಿನಾ ಇಂಥವರನ್ನೇ ನೋಡ್ತೀರಲ್ಲ, ಒಂಚೂರು ಕೇಳಿ ನೋಡಿ."

"ಅದಕ್ಕೇನಂತೆ ಅತ್ತಿಗೆ. ಮುಂದಿನ ವಾರ ಸಕ್ಕರೆ ತೋರಿಸೋಕೆ ಬರ್ತಾನಲ್ಲ, ಆಗ ಕೇಳ್ತೀನಿ."

ಅಣ್ಣ ಬಂದ. ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತ. ಸರದಿ ಬಂದಾಗ ಅಕ್ಕ ಎಲ್ಲರಿಗೂ ಕೇಳಿದ ಹಾಗೇ ಕೇಳಿದಳು.

"ಕಳೆದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ಕಡಿಮೆ ಆಗಿದೆಯಾ?"

"ಇಲ್ಲ. ದಿನಾ ಅಂಗಡಿ ತೆಗೀತೀನಲ್ಲ."

ನಿದ್ದೆ? ಕೆಲವು ದಿನ ಬರಲ್ಲ. ಸುಸ್ತು? ವಯಸ್ಸಾಯ್ತಲ್ಲ, ಕೆಲವು ದಿನ. ಊಟ? ಕೆಲವು ದಿನ ಸೇರಲ್ಲ. ಒಂಬತ್ತನೆಯದು, ಬದುಕಿದ್ದೇನು ಪ್ರಯೋಜನ ಅನ್ನಿಸಿದೆಯಾ ಎನ್ನುವ ಪ್ರಶ್ನೆ. ಅದನ್ನು ಕೇಳುವಾಗ ಮಾತ್ರ ಅಕ್ಕನ ದನಿ ತಗ್ಗುತ್ತಿತ್ತು, ತಲೆ ತಾನಾಗೇ ಅಡ್ಡಡ್ಡ ಆಡುತ್ತಿತ್ತು. "ಹಾಗೇನೂ ಅನ್ನಿಸಿಲ್ಲ, ಅಲ್ವಾ?"

"ಇಲ್ಲ ಇಲ್ಲ," ಎಂದ ಅಣ್ಣ.

ಒಟ್ಟು ಮೂರು. ಅಕ್ಕನಿಗೆ ನಿರಾಳವಾಯಿತು. ಸಂಜೆ ಹೋಗುವ ದಾರಿಯಲ್ಲೇ ಅತ್ತಿಗೆಯ ಮನೆ ಬಾಗಿಲಲ್ಲಿ ನಿಂತು ಹೇಳಿದಳು: "ಇಪ್ಪತ್ತೇಳಕ್ಕೆ ಮೂರು ಅತ್ತಿಗೆ! ನನಗೇ ಅದಕ್ಕಿಂತ ಜಾಸ್ತಿ ಬರತ್ತೆ. ಏನೂ ಇಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡಿ."

ಎರಡು ತಿಂಗಳು ಕಳೆದ ಮೇಲೆ ಆಸ್ಪತ್ರೆಗೆ ಸಂಶೋಧನೆಗೆಂದು ಒಬ್ಬ ಲೇಡಿ ಡಾಕ್ಟರ್ ಬಂದರು. ಆರು ವಾರ ಇರುತ್ತಾರಂತೆ. ಮೇಜಿನಲ್ಲಿ ಹಾಳೆ ತುಂಬಿಸಿಕೊಂಡವರಲ್ಲಿ ಇನ್ನೂರ ನಲವತ್ತು ಜನರನ್ನು ಮಹಡಿಯ ಕೋಣೆಗೆ ಕರೆದು, ಒಂದೊಂದು ಗಂಟೆ ಕೂತು ಮಾತಾಡಿಸಿ, ಖಿನ್ನತೆ ಇದೆಯೋ ಇಲ್ಲವೋ ತಾವೇ ತೀರ್ಮಾನಿಸುತ್ತಾರೆ. ಹಾಳೆಯಲ್ಲಿ ಎಷ್ಟು ಬಂದಿದೆ ಅಂತ ಅವರಿಗೆ ಕೊನೆಯವರೆಗೂ ಹೇಳುವ ಹಾಗಿಲ್ಲ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು.

ಅಕ್ಕ ಮುಖ ಊದಿಸಿಕೊಂಡಳು. "ಅಂದ್ರೆ ಎಂಟು ವರ್ಷದಿಂದ ನಾನು ಬರೆದದ್ದೆಲ್ಲ ಸುಳ್ಳಾ?"

"ಪರೀಕ್ಷೆ ನಿಮಗಲ್ಲಮ್ಮ, ಹಾಳೆಗೆ," ಎಂದರು ಲೇಡಿ ಡಾಕ್ಟರ್. ಅಕ್ಕನಿಗೆ ಅದು ಸಮಾಧಾನವೆನಿಸಲಿಲ್ಲ.

ಎರಡನೇ ವಾರ ಬಟ್ಟೆ ಒಗೆಯುವ ಕಾರ್ಖಾನೆಯ ಕೆಲಸದ ಹೆಂಗಸೊಬ್ಬಳು ಬಂದಳು. ಹದಿನೈದು ಅಂಕ. ಸುಸ್ತು ದಿನಾ, ನಿದ್ದೆ ಇಲ್ಲದ್ದು ದಿನಾ, ಊಟ ಬೇಡವಾದದ್ದು ದಿನಾ, ಗಮನ ನಿಲ್ಲದ್ದು ದಿನಾ. ಇವಳಿಗಂತೂ ಖಂಡಿತ ಎಂದುಕೊಂಡಳು ಅಕ್ಕ. ಅರ್ಧ ಗಂಟೆಯಲ್ಲೇ ಅವಳು ಮಹಡಿಯಿಂದ ಇಳಿದು ಬಂದಳು, ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ. "ಮನಸ್ಸಿನದ್ದೇನೂ ಅಲ್ವಂತೆ ಅಕ್ಕ. ಪಾಳಿ ವಾರವಾರ ಬದಲಾಗತ್ತೆ, ಮೈಯಲ್ಲಿ ರಕ್ತ ಕಮ್ಮಿ ಇರಬೇಕು ಅಂದ್ರು." ರಕ್ತ ನಿಜಕ್ಕೂ ಅರ್ಧಕ್ಕರ್ಧ ಇತ್ತು. ಹೋಗುವಾಗ ಅವಳು ನಕ್ಕಳು: "ಕೂತ್ರೆ ಎದ್ದು ಬರೋಕಾಗ್ತಿರಲಿಲ್ಲ ಅಷ್ಟೇ, ದುಃಖ ಏನಿರಲಿಲ್ಲ. ಆದ್ರೆ ನೀವು ಅದನ್ನ ಕೇಳಲೇ ಇಲ್ಲವಲ್ಲ."

ಕೇಳಿದ್ದೆನಲ್ಲ, ಎರಡನೇ ಪ್ರಶ್ನೆಯೇ ಅದು, ಅದಕ್ಕವಳು ಸೊನ್ನೆ ಎಂದಿದ್ದಳಲ್ಲ ಎಂದು ಅಕ್ಕನಿಗೆ ಆಮೇಲೆ ಹೊಳೆಯಿತು. ಮೊತ್ತ ನೋಡುವ ಭರದಲ್ಲಿ ಆ ಸೊನ್ನೆಯನ್ನು ನೋಡಿರಲಿಲ್ಲ.

ಅದೇ ವಾರ ಅಣ್ಣನ ಸರದಿ. ಹಾಳೆಯಲ್ಲಿ ಈ ಸಲ ಎರಡೇ ಅಂಕ. ಅಕ್ಕ ನಗುನಗುತ್ತಾ ಅವನನ್ನು ಮಹಡಿಗೆ ಕಳಿಸಿದಳು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಅಣ್ಣ ಇಳಿಯಲಿಲ್ಲ. ಮಧ್ಯೆ ಲೇಡಿ ಡಾಕ್ಟರೇ ಕೆಳಗೆ ಬಂದು ಒಂದು ಲೋಟ ನೀರು ತೆಗೆದುಕೊಂಡು ಹೋದರು, ಯಾರ ಮುಖವನ್ನೂ ನೋಡಲಿಲ್ಲ. ಒಂದೂವರೆ ಗಂಟೆಯ ಮೇಲೆ ಅಣ್ಣ ಕೈಗಂಬಿ ಹಿಡಿದುಕೊಂಡು ಇಳಿದು ಬಂದ. ಕಣ್ಣು ಕೆಂಪಗಿತ್ತು. ಕೈಯಲ್ಲಿದ್ದದ್ದು ಗುರುವಾರದ ಚೀಟಿ.

ಮೇಜು ಬಿಟ್ಟು ಏಳದ ಅಕ್ಕ ಅಂದು ಸರದಿಯನ್ನು ಹಾಗೇ ಬಿಟ್ಟು ಅವನ ಹಿಂದೆ ಅಂಗಳಕ್ಕೆ ಬಂದಳು. ಇಬ್ಬರೂ ಸೈಕಲ್ ನಿಲ್ಲಿಸುವ ಕಡೆಯ ಕಟ್ಟೆಯ ಮೇಲೆ ಕೂತರು.

"ನನಗ್ಯಾಕೆ ಹೇಳ್ಲಿಲ್ಲ ಅಣ್ಣ?"

"ನಿನಗೆ ಏನಂತ ಹೇಳ್ಲಿ ಪುಟ್ಟಿ? ಸಂಜೆಯೊಳಗೆ ನಿಮ್ಮತ್ತಿಗೆಗೆ ಗೊತ್ತಾಗ್ತಿತ್ತು." ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೇಳಿದ: "ಅದೂ ಅಲ್ದೆ, ನಿನ್ನ ಪ್ರಶ್ನೆಗಳು ಬೆಂಚಿಗೆಲ್ಲ ಬಾಯಿಪಾಠ. ಅಂಗಡೀಲಿ ನಾನು ಕಣ್ಣು ಪರೀಕ್ಷೆಗೆ ಅಕ್ಷರದ ಹಲಗೆ ತೋರಿಸಿದ್ರೆ, ಕೆಲವರು ಕಾಯ್ತಾ ಕೂತಾಗಲೇ ಕೊನೇ ಸಾಲು ಕಲಿತುಬಿಟ್ಟಿರ್ತಾರೆ. ಕಣ್ಣು ಕಾಣದಿದ್ರೂ ಗಡಗಡ ಹೇಳ್ತಾರೆ. ಇಲ್ಲೂ ಅಷ್ಟೇ. ಯಾವ ಉತ್ತರ ಕೊಟ್ಟವರು ಆ ಕೋಣೆಗೆ ಹೋಗ್ತಾರೆ ಅಂತ ಮುಕ್ಕಾಲು ಗಂಟೇಲಿ ಗೊತ್ತಾಗತ್ತೆ."

"ಅವರು ಏನು ಕೇಳಿದ್ರು ಮೇಲೆ?"

"ಹೋದ ವರ್ಷ ಭಾನುವಾರ ಬಂದ್ರೆ ಏನ್ ಮಾಡ್ತಿದ್ರಿ ಅಂದ್ರು. ಹೇಳಿದೆ. ಗೆಳೆಯರ ಜೊತೆ ಈಜೋಕೆ ಹೋಗ್ತಿದ್ದೆ, ಹಳೇ ರೇಡಿಯೋ ಬಿಚ್ಚಿ ಜೋಡಿಸ್ತಿದ್ದೆ ಅಂತ. ಮೊನ್ನೆ ಭಾನುವಾರ ಏನ್ ಮಾಡಿದ್ರಿ ಅಂದ್ರು." ಅಣ್ಣ ಅಲ್ಲಿಗೇ ನಿಲ್ಲಿಸಿದ. "ಅಂಗಡಿ ದಿನಾ ತೆಗೀತೀನಿ, ಅದು ನಿಜ. ತೆಗೆದು ಒಳಗೆ ಸುಮ್ನೆ ಕೂರ್ತೀನಿ. ಅದನ್ನ ನೀನು ಕೇಳ್ಲಿಲ್ಲ."

ಒಂಬತ್ತನೇ ಪ್ರಶ್ನೆಗೆ ಮೇಲೆ ಏನು ಹೇಳಿದನೋ ಎಂದು ಅಕ್ಕ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಅವನ ಕೈ ಹಿಡಿದುಕೊಂಡು ಕೂತಳು.

ಅತ್ತಿಗೆಗೆ ಸುದ್ದಿ ಹೇಳಲು ಅಣ್ಣನ ಜೊತೆ ಅಕ್ಕನೇ ಹೋದಳು. ಅತ್ತಿಗೆ ಚೀಟಿ ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದಳು.

"ಮೂರು ಅಂಕ ಅಂದ್ರಿ ನೀವು."

"ಹೌದು ಅತ್ತಿಗೆ."

"ಏನೂ ಇಲ್ಲ ಅಂದ್ರಿ. ನಾನು ನಂಬಿದೆ. ಕಾಯಿಲೆ ಅಲ್ಲ ಅಂದ್ಮೇಲೆ ಸೋಮಾರಿತನವೇ ಇರಬೇಕು ಅಂತ ಎರಡು ತಿಂಗಳು ಇವರನ್ನ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಕೂತ್ರೆ ಬೈದೆ, ಮಲಗಿದ್ರೆ ಬೈದೆ. ಒಂದಿನ ಜನರ ಎದುರಿಗೇ ಅಂದೆ." ಅವಳ ದನಿ ಏರಲಿಲ್ಲ, ಅದೇ ಅಕ್ಕನಿಗೆ ಇನ್ನೂ ಕಷ್ಟವಾಯಿತು. "ಗೊತ್ತಿಲ್ಲ ಅಂದಿದ್ರೂ ಆಗ್ತಿತ್ತು."

ಅಣ್ಣನೇ ಮಧ್ಯೆ ಬಂದು, "ಅವಳೇನ್ ಮಾಡ್ತಾಳೆ, ಸುಳ್ಳು ಹೇಳಿದ್ದು ನಾನು," ಎಂದ. ಆದರೂ ಅಂದಿನಿಂದ ಅತ್ತಿಗೆ ಅಕ್ಕನ ಮನೆಯ ಕಡೆ ತಲೆ ಹಾಕುವುದನ್ನು ನಿಲ್ಲಿಸಿದಳು.

ಆರು ವಾರ ಮುಗಿದ ಮೇಲೆ ಎಲ್ಲರನ್ನೂ ಸೇರಿಸಿ ಲೇಡಿ ಡಾಕ್ಟರ್ ಲೆಕ್ಕ ಹೇಳಿದರು. ಇನ್ನೂರ ನಲವತ್ತರಲ್ಲಿ ಹತ್ತು ದಾಟಿದವರು ಅರವತ್ತೊಂದು. ಅವರಲ್ಲಿ ನಿಜವಾಗಿ ಖಿನ್ನತೆ ಇದ್ದದ್ದು ಇಪ್ಪತ್ತೊಂಬತ್ತು ಜನಕ್ಕೆ. ಉಳಿದ ಮೂವತ್ತೆರಡು ಜನಕ್ಕೆ ಬೇರೇನೋ: ರಕ್ತಹೀನತೆ, ನೋವು, ಪಾಳಿ ಕೆಲಸ, ಇತ್ತೀಚೆಗೆ ಮನೆಯವರು ಸತ್ತ ದುಃಖ. ಹತ್ತು ದಾಟದವರು ನೂರ ಎಪ್ಪತ್ತೊಂಬತ್ತು. ಅವರಲ್ಲೂ ಹನ್ನೊಂದು ಜನಕ್ಕೆ ಖಿನ್ನತೆ ಇತ್ತು.

ಆ ಹನ್ನೊಂದರಲ್ಲಿ ಒಬ್ಬ ತನ್ನ ಅಣ್ಣ. ಅಕ್ಕ ಎದ್ದು ನಿಂತಳು. "ಹಾಗಾದ್ರೆ ಇದನ್ನ ಹರಿದು ಬಿಸಾಕೋದಾ ಮೇಡಂ?"

"ಬೇಡಮ್ಮ. ಹಾಳೆ ಇಲ್ದಿದ್ರೆ ಆ ಇಪ್ಪತ್ತೊಂಬತ್ತು ಜನರನ್ನ ಯಾರು ನೋಡ್ತಿದ್ರು? ಡಾಕ್ಟರಿಗೆ ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಇರೋದು. ಇದು ಜರಡಿ. ಹೊಟ್ಟೂ ಉಳಿಯತ್ತೆ, ಕೆಲವು ಕಾಳೂ ಜಾರತ್ತೆ. ನಾವು ಜರಡಿ ಮಾತನ್ನೇ ತೀರ್ಪು ಅಂದುಕೊಂಡ್ರೆ ತಪ್ಪು ನಮ್ಮದು." ಆಮೇಲೆ ಅಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಒಂಬತ್ತನೆಯದನ್ನ ಕೇಳುವಾಗ ನೀವು ತಲೆ ಅಲ್ಲಾಡಿಸ್ತೀರಿ, ಗೊತ್ತಾ? ಇಲ್ಲ ಅನ್ನಿ ಅಂತ ನೀವೇ ಬೇಡಿಕೊಂಡ ಹಾಗಿರತ್ತೆ."

ಗೊತ್ತಿರಲಿಲ್ಲ. ಮನೆಗೆ ಹೋಗಿ ಕನ್ನಡಿಯ ಮುಂದೆ ಕೂತು ಆ ಪ್ರಶ್ನೆಯನ್ನು ಹತ್ತು ಸಲ ಕೇಳಿಕೊಂಡಳು. ಹತ್ತು ಸಲವೂ ತಲೆ ಆಡಿತು. ಕೊನೆಗೆ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೇಳುವುದನ್ನು ರೂಢಿ ಮಾಡಿಕೊಂಡಳು.

ಮೇಜನ್ನು ಹಜಾರದಿಂದ ಎತ್ತಿಸಲು ಆಕೆ ಹಟ ಹಿಡಿದಳು. ಕೋಣೆಯೇ ಇಲ್ಲ ಎಂದರು. ಪಟ್ಟಿ, ಹತ್ತಿಯ ರಟ್ಟಿನ ಪೆಟ್ಟಿಗೆಗಳನ್ನು ತುಂಬಿದ ಉಗ್ರಾಣವೊಂದಿತ್ತು. ಅದರಲ್ಲಿ ಅರ್ಧ ಕೊಡಿ ಎಂದು ಮೂರು ತಿಂಗಳು ದೊಡ್ಡ ಡಾಕ್ಟರ ಬೆನ್ನು ಬಿದ್ದು, ಕೊನೆಗೆ ಗಿಟ್ಟಿಸಿದಳು. ಬಾಗಿಲು ಮುಚ್ಚಿದರೆ ಬೆಂಚಿಗೆ ಏನೂ ಕೇಳದು. ಜೊತೆಗೆ ಬಂದ ಗಂಡನೋ ಮಗಳೋ ಹೊರಗೇ ಇರಬೇಕು. ತನಗೆ ನೆಂಟರಾದವರನ್ನು ಔಷಧಿ ಕೊಡುವಾತನ ಬಳಿ ಕಳಿಸುತ್ತಿದ್ದಳು. ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆಯತೊಡಗಿದಳು: "ಅಂಕ ಆರು, ಆದರೆ ಕಣ್ಣೆತ್ತಿ ನೋಡಲಿಲ್ಲ, ಮತ್ತೆ ಕರೆಯಬೇಕು." ನಲವತ್ತು ಹಾಳೆ ಹದಿನೆಂಟಕ್ಕೆ ಇಳಿಯಿತು. ಕಾಯುವವರು ಗೊಣಗಿದರು. ದೊಡ್ಡ ಡಾಕ್ಟರು ಎರಡು ಸಲ ಕರೆಸಿ ಕೇಳಿದರು. ಆಕೆ ಹೂಂಗುಟ್ಟಿ ಬಂದು ಮತ್ತೆ ಹದಿನೆಂಟೇ ಬರೆದಳು. ಮೂರನೇ ಸಲ ಅವರು ಕರೆಯಲಿಲ್ಲ.

ಅಣ್ಣ ಗುರುವಾರ ಗುರುವಾರ ಬಂದ. ಮೊದಲ ಮಾತ್ರೆ ಒಗ್ಗಲಿಲ್ಲ, ಎರಡನೆಯದು ಒಗ್ಗಿತು. ಐದಾರು ತಿಂಗಳಿಗೆ ಅಂಗಡಿಯ ಕೆಲಸ ಹಳಿಗೆ ಬಂತು. ಪೂರ್ತಿ ಮೊದಲಿನವನೇ ಆದ ಎನ್ನುವಂತಿಲ್ಲ. ಕೆಲವು ವಾರ ಮತ್ತೆ ಮಂಕಾಗುತ್ತಿದ್ದ. ಆದರೆ ಈಗ ತಾನೇ ಬಾಯಿ ಬಿಟ್ಟು ಹೇಳುತ್ತಿದ್ದ, ಮನೆಯವರಿಗೂ ಗೊತ್ತಿರುತ್ತಿತ್ತು.

ವರ್ಷದ ಮೇಲೊಂದು ದಿನ ಉಗ್ರಾಣದ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ರಕ್ತದೊತ್ತಡ ಶುರುವಾಗಿತ್ತು. ಅಕ್ಕ ಹಾಳೆ ತೆಗೆಯದೆ, "ನಾನು ಕೇಳಲ್ಲ ಅತ್ತಿಗೆ, ಔಷಧಿಯವರ ಹತ್ತಿರ ಹೋಗಿ," ಎಂದಳು.

"ಅವರು ಕೇಳಿದ್ದಾಯ್ತು. ಎಂಟು ಬಂತು." ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತಳು. "ಎಂಟು ಅಂದ್ರೆ ಏನು?"

ಅಕ್ಕ ಬಾಗಿಲು ಮುಚ್ಚಿದಳು. "ಎಂಟು ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ," ಎಂದಳು. "ಹೇಗಿದ್ದೀರಿ ಹೇಳಿ."

ಅಂದು ಆಕೆ ಬರೆದದ್ದು ಹದಿನಾಲ್ಕೇ ಹಾಳೆ.