ಮಲ್ಲಿಗೆಯ ಬಾಯಿಗೆ ಮುಳ್ಳು ಬ್ಯಾಡ

ನನ್ನ ನಾಲಿಗೆ ಮೇಲೆ ಸಣ್ಣದೊಂದು ಗಾಯದ ಗುರುತು ಐತೆ. ಯಾರಾದ್ರೂ ಕೇಳಿದ್ರೆ ಗಾಡಿಯಿಂದ ಬಿದ್ದು ಕಚ್ಕೊಂಡೆ ಅಂತ ಸುಳ್ಳು ಹೇಳ್ತಿದ್ದೆ. ಇವತ್ತು ನಿಜ ಹೇಳಿಬಿಡ್ತೀನಿ. ಅದು ಕುದುರೆ ಕಡಿವಾಣದ ಮುಳ್ಳು ಚುಚ್ಚಿದ್ದು. ಆ ಕಡಿವಾಣ ನನ್ನ ಬಾಯಾಗ ತುರುಕಿದವಳು ಬೇರೆ ಯಾರೂ ಅಲ್ಲ, ನಮ್ಮಕ್ಕ ಶಹಜಾದಿ.

ನಾವು ಅಕ್ಕನಿಗೆ ಆಪಾ ಅಂತೀವಿ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನನಗಿಂತ ಒಂದು ಗೇಣು ಗಿಡ್ಡ, ಸಿಟ್ಟಿನಾಗ ಮಾತ್ರ ಇಡೀ ಗುತ್ತೂರಿಗೇ ದೊಡ್ಡವಳು. ಹರಿಹರದ ಪಕ್ಕ ಗುತ್ತೂರಿನಾಗ ನಮ್ಮದು ನಾಲ್ಕೆಕರೆ ಹೊಲ. ಎರಡೆಕರೆ ಮೆಕ್ಕೆಜೋಳ, ಒಂದಿಷ್ಟು ಹುರುಳಿ, ಉಳಿದದ್ದೆಲ್ಲ ಹಸಿರು ಹುಲ್ಲು. ಹೊಲದ ಮೂಲೆಗೆ ತಗಡು ಹೊದಿಸಿದ ಲಾಯ, ಅದರಾಗ ನಾಲ್ಕು ಕುದುರೆ. ನಮ್ಮಜ್ಜ ಹರಿಹರ ಸ್ಟೇಷನ್ ಮುಂದೆ ಟಾಂಗಾ ಹೊಡೀತಿದ್ದ. ಆಟೋ ಬಂದು ಟಾಂಗಾ ನಿಂತ ಮೇಲೆ ನಮ್ಮ ಅಬ್ಬಾ, ಮಕ್ತುಮ್ ಸಾಬ್, ಕುದುರೆಗಳನ್ನ ಮದುವೆ ಮೆರವಣಿಗೆಗೆ ತಿರುಗಿಸಿದ್ರು. ದಾವಣಗೆರೆಯಾಗ ಮದುಮಗ ಕುದುರೆ ಏರಿ ಹೊರಟಾನೆ ಅಂದ್ರೆ ಅದು ನಮ್ಮ ಲಾಯದ್ದೇ ಇರ್ತಿತ್ತು.

ಆಪಾ ಬೆಳಿಗ್ಗೆ ಐದಕ್ಕೆಲ್ಲ ಲಾಯದಾಗ ಇರ್ತಾಳೆ. ಮೊದಲು ಲದ್ದಿ ಬಳೀತಾಳೆ. ಆಮೇಲೆ ಒಂದೊಂದೇ ಕಾಲು ಎತ್ತಿ, ತನ್ನ ತೊಡೆ ಮೇಲೆ ಇಟ್ಕೊಂಡು, ಗೊರಸಿನ ಸಂದಿಯಾಗ ಸಿಕ್ಕ ಕಲ್ಲು ತೆಗೀತಾಳೆ. ಲಾಳ ಸಡಿಲ ಆಗೈತೇನು ಅಂತ ತಟ್ಟಿ ನೋಡ್ತಾಳೆ. ಮೈ ಉಜ್ಜುವಾಗ ಹಿಂದಿನ ದಿನ ಯಾರು ಏನಂದ್ರು, ತಾನೇನು ತಿರುಗಿ ಅಂದೆ ಅನ್ನೋದನ್ನೆಲ್ಲ ಕುದುರೆಗಳಿಗೆ ಹೇಳ್ತಾಳೆ. ನಮ್ಮನಿ ಸುದ್ದಿ ನನಗಿಂತ ಮೊದಲು ಕುದುರೆಗಳಿಗೆ ಗೊತ್ತಿರ್ತೈತೆ. ಬಿಸಿಲೇರೋದರೊಳಗೆ ಹೊಳೆಗೆ ಕರ್ಕೊಂಡು ಹೋಗಿ ಮೈ ತೊಳೆಸಿ ಬಂದು ಹುರುಳಿ ಬೇಯಿಸಿ ಇಡ್ತಾಳೆ. ಹುರುಳಿ ಬೆಂದದ್ದು ಹೆಚ್ಚು ಕಡಿಮೆ ಆದ್ರೆ ಕುದುರೆಗೆ ಹೊಟ್ಟೆನೋವು ಬರ್ತೈತೆ ಅಂತ ಅಮ್ಮಾನ್ನ ಕೂಡ ಒಲೆ ಹತ್ರ ಬಿಡಲ್ಲ.

ಅವಳನ್ನ ರಾಣೆಬೆನ್ನೂರಿಗೆ ಕೊಟ್ಟಿದ್ವಿ. ಎಂಟು ತಿಂಗಳಿಗೆ ವಾಪಸ್ ಬಂದ್ಲು. ಮನೆಗೂ ಹೋಗ್ಲಿಲ್ಲ, ಬಸ್ಸಿಂದ ಇಳಿದವಳು ಬ್ಯಾಗು ಹಿಡ್ಕೊಂಡು ಸೀದಾ ಲಾಯಕ್ಕೆ ಬಂದು ಬುಟ್ಟಿ ತಗೊಂಡು ಲದ್ದಿ ಬಳಿಯೋಕೆ ಶುರು ಮಾಡಿದ್ಲು. ಅಬ್ಬಾ ಕೇಳಿದ್ರು, "ಏನಾತು?"

"ಕೈ ಎತ್ತಿದ. ಎದ್ದು ಬಂದೆ."

ಅಷ್ಟೇ. ಊರಾಗ ಆಡ್ಕೊಂಡ್ರು, ಈ ಹುಡುಗಿಗೆ ಲಗಾಮು ಇಲ್ಲ ಅಂತ. ಆಪಾ ಕಿರಾಣಿ ಅಂಗಡಿ ಮುಂದೆ ನಿಂತು, ಎಲ್ಲರಿಗೂ ಕೇಳೋ ಹಂಗೆ ಅಂದ್ಲು, "ಲಗಾಮು ಇರೋರು ಎಷ್ಟು ಸುಖವಾಗಿ ಅದಾರೆ ತೋರಿಸ್ರಿ, ನಾನೂ ಒಂದು ಹಾಕ್ಕೊಂತೀನಿ!" ಅವತ್ತಿಂದ ಬಾಯಿ ಮುಚ್ಕೊಂಡ್ರು.

ಅವಳು ಬಂದ ವರ್ಷವೇ ನಮ್ಮ ಬಿಳಿ ಕುದುರೆ ಮರಿ ಹಾಕಿತು. ಮರಿ ಇದ್ದಿಲಿನಂಗೆ ಕಪ್ಪು. ಆಪಾ ಅದಕ್ಕೆ ಮಲ್ಲಿಗೆ ಅಂತ ಹೆಸರಿಟ್ಲು. ನೋಡೋಕೆ ಬಂದೋರೆಲ್ಲ ಬಿದ್ದು ಬಿದ್ದು ನಕ್ಕರು. "ನಗ್ರಿ, ನಗ್ರಿ. ಇದರವ್ವನೂ ಹುಟ್ಟಿದಾಗ ಹಿಂಗೇ ಇತ್ತು. ವರ್ಷ ಕಳೀಲಿ, ಆಮ್ಯಾಲೆ ಬಂದು ನೋಡ್ರಿ," ಅಂದ್ಲು. ಮಲ್ಲಿಗೆ ವರ್ಷ ವರ್ಷಕ್ಕೂ ಬೆಳ್ಳಗಾಗುತ್ತಾ ಬಂತು. ಆರನೇ ವರ್ಷಕ್ಕೆ ಮೂಗಿನ ಸುತ್ತ ಬೂದಿ ಬಣ್ಣ ಬಿಟ್ರೆ ಉಳಿದಿದ್ದೆಲ್ಲ ಮಲ್ಲಿಗೆ ಹೂವೇ.

ಅದನ್ನ ಮೆರವಣಿಗೆಗೆ ಪಳಗಿಸೋ ಕೆಲಸ ಅಬ್ಬಾ ನನಗೆ ಕೊಟ್ರು. ಪಳಗಿಸೋದು ಅಂದ್ರೆ ನಮ್ಮಲ್ಲಿ ಒಂದೇ ದಾರಿ ಇತ್ತು, ಮುಳ್ಳು ಕಡಿವಾಣ. ಕುದುರೆ ಬಾಯಾಗ ಹೋಗೋ ಕಬ್ಬಿಣದ ಸರಳಿಗೆ ಸುತ್ತ ಚೂಪು ಹಲ್ಲು ಇರ್ತಾವೆ. ಲಗಾಮು ಎಳೆದ್ರೆ ಅವು ನಾಲಿಗೆಗೆ, ವಸಡಿಗೆ ಚುಚ್ಚುತಾವೆ. ಕುದುರೆ ನೋವು ತಡೀಲಾರದೆ ಕಾಲು ಎತ್ತಿ ಎತ್ತಿ ಇಡ್ತೈತೆ. ನೋಡೋರು ಕುಣೀತೈತೆ ಅಂತ ಸೀಟಿ ಹೊಡೀತಾರೆ. ನಾನೂ ಹಂಗೇ ಕಲಿತಿದ್ದೆ, ತಪ್ಪು ಅಂತ ಒಂದು ದಿನಾನೂ ಅನ್ನಿಸಿರ್ಲಿಲ್ಲ.

ಮಲ್ಲಿಗೆ ಬಾಯಿಗೆ ಅದನ್ನ ಹಾಕಿ ಎರಡು ಸಲ ಎಳೆದೆ. ಮೂರನೇ ಸಲಕ್ಕೆ ಅದು ಹಿಂಗಾಲ ಮೇಲೆ ನಿಂತು ನನ್ನ ಹುಲ್ಲಿನ ಬಣವೆಗೆ ಎಸೀತು. ಭುಜದ ಮೂಳೆ ಬಿರುಕು ಬಿಡ್ತು. ನಾನು ಆಸ್ಪತ್ರೆಯಿಂದ ಕೈ ಕಟ್ಟಿಸ್ಕೊಂಡು ಬಂದ್ರೆ, ಆಪಾ ಮಲ್ಲಿಗೆ ಬಾಯಿ ತೊಳೀತಾ ಕೂತಿದ್ಲು. ಬಕೀಟಿನ ನೀರು ಕೆಂಪಾಗಿತ್ತು.

"ಅಯ್ಯೋ, ನನ್ನ ಕೈ ಮುರಿದೈತೆ, ನೀನು ಕುದುರೆ ಬಾಯಿ ತೊಳೀತಾ ಕೂತೀಯಲ್ಲ!" ಅಂದೆ.

"ಬಾ ಇಲ್ಲಿ, ನಿಂದೂ ತೊಳೀತೀನಿ," ಅಂದ್ಲು. ನಾನು ಪೆದ್ದ, ಹತ್ರ ಹೋದೆ. ಗಲ್ಲ ಹಿಡಿದು ಬಾಯಿ ತೆಗೆಸಿ ಕಡಿವಾಣ ಇಟ್ಲು, ಒಂದೇ ಬೆರಳಿನಿಂದ ಲಗಾಮು ಜಗ್ಗಿದ್ಲು. ಯಾ ಅಲ್ಲಾ! ನಾನು ಕಿರುಚಿದ್ದಕ್ಕೆ ಅಮ್ಮಾ ಒಲೆ ಬಿಟ್ಟು ಓಡಿ ಬಂದ್ರು. "ನಾನು ಒಂದು ಬೆರಳಿನಾಗ ಜಗ್ಗಿದ್ದು. ನೀನು ಎರಡೂ ಕೈಲಿ ಜಗ್ಗಿದ್ದೆ," ಅಂದು ಆಪಾ ಮತ್ತೆ ಮಲ್ಲಿಗೆ ಕಡೆ ತಿರುಗಿದ್ಲು. ಒಂದು ವಾರ ಗಂಜಿ ಕುಡಿದೆ. ಸಿಟ್ಟು ಬಂದಿತ್ತು. ಆದ್ರೆ ಆಮೇಲೆ ಆ ಕಡಿವಾಣ ಮುಟ್ಟೋಕೆ ಕೈ ಬರ್ಲಿಲ್ಲ.

ಅಬ್ಬಾ ಮಾತ್ರ ಬಗ್ಗಲಿಲ್ಲ. "ಮುಳ್ಳು ಹಾಕಿಸ್ಕೊಳ್ಳದ ಕುದುರೆ ಮದುವೆಗೆ ಆಗಲ್ಲ. ಇಟ್ಟಿಗೆ ಭಟ್ಟಿಯವನು ಕೇಳ್ಯಾನೆ, ಕೊಟ್ಟುಬಿಡ್ತೀನಿ," ಅಂದ್ರು. ಭಟ್ಟಿಗೆ ಹೋದ ಕುದುರೆ ಬೆನ್ನ ಮೇಲೆ ಹಸಿ ಇಟ್ಟಿಗೆ ಹೊರ್ತೈತೆ, ಎರಡು ಬೇಸಿಗೆ ಬದುಕಿದ್ರೆ ಹೆಚ್ಚು. ಆಪಾ ಎದುರು ನಿಂತ್ಲು. "ನನಗೆ ನಾಲ್ಕು ತಿಂಗಳು ಕೊಡ್ರಿ. ಮುಳ್ಳಿಲ್ದೆ ಮೆರವಣಿಗೆ ಮಾಡಿಸಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಹಗ್ಗ ಬಿಚ್ಚಿ ಕೊಡ್ತೀನಿ."

ಅಬ್ಬಾ ಒಪ್ಪಿದ್ರು, ಒಂದು ಷರತ್ತಿನ ಮೇಲೆ. ಲಗಾಮು ಹಿಡಿಯೋನು ನಾನು. ಹೆಣ್ಣುಮಕ್ಕಳು ಬರಾತಿನ, ಅಂದ್ರೆ ಮದುಮಗನ ಮೆರವಣಿಗೆ ಮುಂದೆ ಕುದುರೆ ಹಿಡಿದು ನಡೆಯೋದು ನಮ್ಮ ಕಡೆ ಇಲ್ಲ.

ನಾಲ್ಕು ತಿಂಗಳು ಆಪಾ ಏನು ಮಾಡಿದ್ಲು ಕೇಳ್ರಿ. ಹುರುಳಿ ಡಬ್ಬಿ ಮುಚ್ಚಳ ಬಡೀತಾ ಮೇವು ಹಾಕಿದ್ಲು. ಸದ್ದು ಆತು ಅಂದ್ರೆ ಹುರುಳಿ ಬಂತು ಅಂತ ಮಲ್ಲಿಗೆ ತಲೆಯಾಗ ಕೂರಿಸಿದ್ಲು. ಬ್ಯಾಂಡ್‌ಸೆಟ್ಟಿನ ಪರಶುರಾಮ್ ಹರಿಹರದಾಗ ಒಂದು ಶೆಡ್ಡಿನಾಗ ಪ್ರಾಕ್ಟೀಸ್ ಮಾಡ್ತಾನೆ. ಅದರ ಆಚೆ ಬಯಲಿನಾಗ ಮಲ್ಲಿಗೇನ ಮೇಯಿಸಿದ್ಲು, ವಾರಕ್ಕೆ ಹತ್ತು ಹೆಜ್ಜೆ ಹತ್ರ. ಕೊನೆಗೆ ಅದು ಡ್ರಮ್ಮಿನ ಪಕ್ಕಾನೇ ನಿಂತು ಕಣ್ಣು ಮುಚ್ಚಿ ಹುರುಳಿ ಅಗೀತಿತ್ತು. ಕಡಿವಾಣ ಹಾಕಿದ್ದು ಸಾದಾ, ನುಣುಪು ಕಬ್ಬಿಣದ್ದು. ಭುಜಕ್ಕೆ ಎರಡು ಸಲ ತಟ್ಟಿದ್ರೆ ನಿಂತಲ್ಲೇ ಹೆಜ್ಜೆ ಹಾಕೋದು ಕಲೀತು.

"ಹೆದರಿದ ಕುದುರೆ ಕುಣಿಯಲ್ಲ ಮುಜಾಹಿದ್, ಒದ್ದಾಡ್ತೈತೆ," ಅಂತ ನನಗೆ ಅಂದ್ಲು. "ಇದು ಈಗ ಕುಣೀತೈತೆ ನೋಡು." ನನಗೂ ವ್ಯತ್ಯಾಸ ಕಂಡಿತು.

ಮಲ್ಲಿಗೆಗೆ ಸಿಕ್ಕ ಮೊದಲ ಮದುವೆ ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಿನ ಕೆಂಚವೀರಪ್ಪನವರ ಮನೇದು. ಬಟ್ಟೆ ವ್ಯಾಪಾರದ ದೊಡ್ಡ ಕುಳ. ಮದುಮಗ ಅವರ ಮಗ ಬಸವಕಿರಣ್. ಬೆಳಿಗ್ಗೆ ಮನೆಯಿಂದ ಬಸವಣ್ಣನ ಗುಡಿಗೆ, ಅಲ್ಲಿಂದ ಕಲ್ಯಾಣ ಮಂಟಪಕ್ಕೆ ಮೆರವಣಿಗೆ. ಹೊರಡೋಕೆ ಮುಂಚೆ ಅಬ್ಬಾ ನನ್ನ ಪಕ್ಕಕ್ಕೆ ಕರೆದು ಪೇಪರಿನಾಗ ಸುತ್ತಿದ ಪೊಟ್ಟಣ ಕೊಟ್ರು. ಮುಟ್ಟಿದ ಕೂಡ್ಲೇ ಗೊತ್ತಾತು, ಮುಳ್ಳು ಕಡಿವಾಣ. "ಕೈ ಮೀರಿದ್ರೆ ಹಾಕಿಬಿಡು. ಸಾವ್ಕಾರ್ರ ಮನಿ ಮದುವಿ, ಮರ್ಯಾದೆ ಪ್ರಶ್ನೆ," ಅಂದ್ರು. ನಾನು ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ. ಜೇಬಿನಾಗ ಇಟ್ಕೊಂಡೆ. ಥೂ ನನ್ನ ಜನ್ಮಕ್ಕೆ!

ಗುಡಿ ತನಕ ಮಲ್ಲಿಗೆ ರಾಣಿ ಹಂಗೆ ನಡೀತು. ಗುಡಿ ದಾಟಿ ತಿರುವಿನಾಗ ಯಾವನೋ ಸರಪಟಾಕಿ ಹಚ್ಚಿ ನೇರ ಅದರ ಕಾಲ ಕೆಳಗೆ ಎಸೆದ. ಮಲ್ಲಿಗೆ ಗಕ್ಕನೆ ನಿಂತಿತು. ಮೈ ನಡುಗ್ತಿತ್ತು. ನಾನು ಗಾಬರಿಯಾಗಿ ಲಗಾಮು ಬಿಗಿ ಹಿಡಿದೆ, ಅದು ಇನ್ನೂ ಹಿಂದೆ ಸರೀತು. ಬಸವಕಿರಣ್ ಪೇಟ ಹಿಡಿದಿದ್ದ ಕೈ ಬಿಟ್ಟು ಕುದುರೆ ಕುತ್ತಿಗೆ ತಬ್ಬಿಕೊಂಡ. ಪರಶುರಾಮನ ಬ್ಯಾಂಡು ನಿಂತಿತು.

"ಏನ್ರೀ ಸಾಬ್ರೇ, ಎಂಥಾ ಕುದುರೆ ತಂದೀರಿ? ನನ್ನ ಮಗ ಬಿದ್ದರೆ ಯಾರು ಜವಾಬ್ದಾರಿ?" ಕೆಂಚವೀರಪ್ಪನವರು ಕೂಗಿದ್ರು.

"ಹಾಕೋ ಅದನ್ನ!" ಅಂತ ಅಬ್ಬಾ ಹಿಂದಿನಿಂದ ಕೂಗಿದ್ರು. ನಾನು ಪೊಟ್ಟಣ ಬಿಚ್ಚಿದೆ. ಕಬ್ಬಿಣ ಕಂಡದ್ದೇ ಮಲ್ಲಿಗೆ ಕಿವಿ ಹಿಂದಕ್ಕೆ ಮಲಗಿದ್ವು.

ಆಪಾ ಹಿಂದೆ ನಮ್ಮ ಗಾಡಿ ಹತ್ರ ಹುರುಳಿ ಡಬ್ಬಿ ಹಿಡ್ಕೊಂಡು ನಿಂತಿದ್ಲು. ಜನರನ್ನ ಮೊಣಕೈಯಾಗ ಸರಿಸ್ತಾ ಬಂದವಳು ನನ್ನ ಕೈಯಿಂದ ಕಡಿವಾಣ ಕಿತ್ಕೊಂಡ್ಲು. ನನ್ನ ಮುಖ ಕೂಡ ನೋಡಲಿಲ್ಲ. ಅದನ್ನ ಕೆಂಚವೀರಪ್ಪನವರ ಮುಂದೆ ಹಿಡಿದ್ಲು.

"ಇದನ್ನ ಹಾಕಿದ್ರೆ ನಡೀತೈತೆ ಸಾವ್ಕಾರ್ರೇ. ಮೊದಲು ನೀವು ಬಾಯಾಗ ಇಟ್ಕೊಂಡು ನೋಡ್ರಿ. ನೀವು ತಡ್ಕೊಂಡ್ರೆ ಅದಕ್ಕೂ ಹಾಕ್ತೀನಿ."

ಫೋನ್ ಹಿಡಿದು ವಿಡಿಯೋ ಮಾಡ್ತಿದ್ದೋರೂ ಕೈ ಇಳಿಸಿದ್ರು. ಕೆಂಚವೀರಪ್ಪನವರು ಆ ಮುಳ್ಳು ನೋಡಿ ಒಂದು ಹೆಜ್ಜೆ ಹಿಂದೆ ಸರಿದ್ರು.

"ಹಂಗಾದ್ರೆ ಈ ಕುದುರೆ ಮುಂದೆ ನಾನು ನಡೀತೀನಿ. ಬ್ಯಾಡ ಅಂದ್ರೆ ಈಗಲೇ ವಾಪಸ್ ಕರ್ಕೊಂಡು ಹೋಗ್ತೀನಿ, ಮದುಮಗ ಕಾರಿನಾಗ ಬರ್ಲಿ," ಅಂದ್ಲು ಆಪಾ.

ಯಾರೋ ಹಿಂದಿನಿಂದ ಹೆಣ್ಣುಮಗಳು ಮುಂದೆ ನಡೆಯೋದಾ ಅಂತ ಗೊಣಗಿದ್ರು. ಆರತಿ ತಟ್ಟೆ ಹಿಡಿದಿದ್ದ ಮದುಮಗನ ತಾಯಿ ದ್ರಾಕ್ಷಾಯಣಮ್ಮ ತಿರುಗಿ ನೋಡಿದ್ರು. "ನನ್ನ ಮಗ ಮೇಲೆ ಕೂತಾನೆ, ನಿಮ್ಮ ಮಗ ಅಲ್ಲ. ನಡಿಯವ್ವಾ ತಂಗಿ, ಮುಹೂರ್ತ ಮೀರ್ತೈತೆ," ಅಂದ್ರು.

ಆಪಾ ನನ್ನ ಕೈಯಿಂದ ಲಗಾಮು ತಗೊಂಡ್ಲು. ಹಿಡೀಲಿಲ್ಲ. ಮಲ್ಲಿಗೆ ಕುತ್ತಿಗೆ ಮೇಲೆ ಸಡಿಲ ಬಿಟ್ಟು, ಬೆನ್ನು ತಿರುಗಿಸಿ ಮುಂದೆ ಹೊರಟ್ಲು. "ಪರಶುರಾಮಣ್ಣ, ಬಾರಿಸು!" ಡ್ರಮ್ಮು ಶುರುವಾತು, ಆಪಾ ಡಬ್ಬಿ ಮುಚ್ಚಳ ಬಡಿದ್ಲು. ಮಲ್ಲಿಗೆ ಕಿವಿ ಎದ್ದು ನಿಂತ್ವು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಯಾರೂ ಹಿಡಿಯದ ಕುದುರೆ ಅವಳ ಹಿಂದೆ ಹೊರಟಿತು. ಮಂಟಪದ ಮುಂದೆ ಭುಜ ತಟ್ಟಿದ್ಲು, ಹೆಜ್ಜೆ ಹಾಕಿತು ನೋಡ್ರಿ, ಬಸವಕಿರಣ್ ಮೇಲೆ ಕೂತೇ ನಗ್ತಿದ್ದ. ಆಮೇಲೆ ಮದುಮಗ ಇಳಿಯೋದ್ನೂ ಕಾಯದೆ ಡಬ್ಬಿಗೆ ಬಾಯಿ ಹಾಕಿತು. ನನ್ನ ಕಣ್ಣಾಗ ನೀರು ಬಂತು, ಸುಳ್ಳು ಯಾಕ ಹೇಳ್ಲಿ.

ಗೆದ್ವಿ ಅಂದ್ಕೊಂಡೆ. ಮನೆಗೆ ಬಂದ ಮೇಲೆ ಅಬ್ಬಾ ಆಪಾಗೆ ಅಂದ್ರು, "ಮಗಳು ಬರಾತಿನ ಮುಂದೆ ನಡೆದ್ಲು ಅಂತ ಬಜಾರಿನಾಗ ನಗ್ತಾರೆ. ಲಗಾಮು ಮುಜಾಹಿದ್ ಹಿಡೀಬೇಕು ಅಂತ ಮಾತಾಗಿತ್ತು, ಷರತ್ತು ಮುರಿದೀ. ಸೋಮವಾರ ಭಟ್ಟಿಯವನು ಬರ್ತಾನೆ."

ಸೋಮವಾರ ಬೆಳಿಗ್ಗೆ ಭಟ್ಟಿಯವನ ಗಾಡಿ ಬಂತು. ಆಪಾ ಮಲ್ಲಿಗೆ ಹಗ್ಗವನ್ನ ತನ್ನ ನಡುವಿಗೆ ಮೂರು ಸುತ್ತು ಸುತ್ಕೊಂಡು ಲಾಯದ ಬಾಗಿಲಾಗ ನಿಂತಿದ್ಲು. ಕೈಯಾಗ ಅದೇ ಮುಳ್ಳು ಕಡಿವಾಣ.

"ದಾರಿ ಬಿಡು," ಅಂದ್ರು ಅಬ್ಬಾ.

"ಬಿಡಲ್ಲ. ಮುಜಾಹಿದ್ ಇದನ್ನ ಬಾಯಾಗ ಇಟ್ಕೊಂಡ, ಆಮ್ಯಾಲೆ ಮುಟ್ಟಲಿಲ್ಲ. ಸಾವ್ಕಾರ್ರಿಗೆ ಇಟ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ. ಮೂವತ್ತು ವರ್ಷದಿಂದ ಹಾಕಿಸ್ತಾ ಬಂದೋರು ನೀವು, ನೀವೊಬ್ರೇ ಉಳಿದೀರಿ ಅಬ್ಬಾ."

ಅಬ್ಬಾನೂ ಹಠಮಾರಿನೇ, ಆಪಾಗೆ ಅದು ಬಂದದ್ದು ಅಲ್ಲಿಂದಲೇ. ಕಡಿವಾಣ ಕಸ್ಕೊಂಡ್ರು. ಭಟ್ಟಿಯವನ ಮುಂದೆ, ನನ್ನ ಮುಂದೆ, ಬಾಯಿ ತೆಗೆದು ಇಟ್ಕೊಂಡೇ ಬಿಟ್ರು. ಲಗಾಮಿನ ತುದಿ ಆಪಾ ಕಡೆ ಚಾಚಿದ್ರು. ಎಳಿ ಅಂತ ಕಣ್ಣಿನಾಗೇ ಅಂದ್ರು.

ಆಪಾ ಲಗಾಮು ಕೈಗೆ ತಗೊಂಡ್ಲು. ನನಗೆ ನನ್ನ ನಾಲಿಗೆ ನೆನಪಾತು. ಆಪಾ ಬ್ಯಾಡ, ಬ್ಯಾಡ ಅಂದೆ.

ಎಳೀಲಿಲ್ಲ. ಮಲ್ಲಿಗೆ ಕುತ್ತಿಗೆ ಮೇಲೆ ಬಿಟ್ಟಂಗೇ ಅಬ್ಬಾನ ಹೆಗಲ ಮೇಲೆ ಮೆಲ್ಲಗೆ ಸಡಿಲ ಬಿಟ್ಟು, ಕೈ ಹಿಂದಕ್ಕೆ ತಗೊಂಡ್ಲು. "ನಾನು ಎಳೆಯಲ್ಲ," ಅಂದ್ಲು.

ಅಬ್ಬಾ ಹಂಗೇ ನಿಂತಿದ್ರು, ಬಾಯಾಗ ಕಬ್ಬಿಣ, ಹೆಗಲ ಮೇಲೆ ಲಗಾಮು. ಆಮೇಲೆ ನಿಧಾನಕ್ಕೆ ಹೊರಗೆ ತೆಗೆದ್ರು. ಯಾರೂ ಎಳೆಯದಿದ್ರೂ ಎಂಜಲಿನಾಗ ರಕ್ತದ ಎಳೆ ಇತ್ತು. ಅಂಗಿ ತೋಳಿನಿಂದ ಬಾಯಿ ಒರೆಸ್ಕೊಂಡು, ಅದೇ ತೋಳಿನಿಂದ ಕಣ್ಣೂ ಒರೆಸ್ಕೊಂಡ್ರು.

"ಕುದುರೆ ಇಲ್ಲ, ಹೋಗಪ್ಪಾ," ಅಂದ್ರು ಭಟ್ಟಿಯವನಿಗೆ.

ಗಾಡಿ ಹೊರಟು ಹೋತು. ನಾನು ಖುಷಿಗೆ ಆಪಾನ ಹೆಗಲು ತಟ್ಟೋಕೆ ಹೋದೆ, ಕೊಸರ್ಕೊಂಡ್ಲು. ನಡುವಿನ ಹಗ್ಗ ಇನ್ನೂ ಬಿಚ್ಚಿರ್ಲಿಲ್ಲ.

"ಉಳಿದ ಮೂರು ಕುದುರೆಗೆ ಹಾಕೋ ಮುಳ್ಳು ಗೋಡೆ ಮೇಲೆ ಅದಾವಲ್ಲ, ಅವನ್ನ ಯಾರು ಇಳಿಸ್ತಾರೆ?" ಅಂದ್ಲು.

ಅಬ್ಬಾ ಅವಳ ಮುಖ ನೋಡಿದ್ರು. ಆಮೇಲೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಲಾಯದೊಳಗೆ ಹೋಗಿ, ಒಂದೊಂದೇ ಕಡಿವಾಣ ಮೊಳೆಯಿಂದ ಬಿಚ್ಚೋಕೆ ಶುರು ಮಾಡಿದ್ರು.